ಕಂಬದ ಹಿಂದಿನ ಫೌಲು

ಮಾರ್ಚ್ 2, ಶನಿವಾರ

ನಾಳೆಯ ಫುಟ್‌ಬಾಲ್ ಕಾಮೆಂಟರಿಗೆ ಆಟಗಾರರ ಪಟ್ಟಿ ಬರೆದು ಮುಗಿಸಿದೆ. ಗಿರಣಿ ತಂಡಕ್ಕೆ ನೀಲಿ ಇಂಕು, ಬಂದರು ತಂಡಕ್ಕೆ ಕೆಂಪು. ರಟ್ಟಿನ ಮೇಲೆ ಹನ್ನೊಂದು, ಹನ್ನೊಂದು. ಪಕ್ಕದಲ್ಲಿ ಅಂಗಿಯ ನಂಬರು, ಯಾರು ಎಡಗಾಲಿನವರು, ಯಾರಿಗೆ ಈಗಾಗಲೇ ಹಳದಿ ಕಾರ್ಡು. ಬಂದರಿನ ಏಳನೇ ನಂಬರು ಸೂಜಿ. ಸಣಕಲು. ಐಸ್ ಫ್ಯಾಕ್ಟರಿಯಲ್ಲಿ ಕೆಲಸ. ಭಾನುವಾರ ಮಾತ್ರ ಓಡುತ್ತಾನೆ, ಆದರೆ ಎಂಥ ಓಟ!

ಚಾನೆಲ್ ಆಫೀಸಿನಿಂದ ಪತ್ರಗಳ ಕಟ್ಟು ಬಂದಿದೆ. ಮೊದಲನೆಯದು: “ಗಿರಣಿಯವರ ಬಾಲಬಡುಕನಿಗೆ.” ಎರಡನೆಯದು: “ಬಂದರಿನವರು ತಿಂಗಳಿಗೆ ಎಷ್ಟು ಬುಟ್ಟಿ ಮೀನು ಕಳಿಸ್ತಾರೆ ಸ್ವಾಮಿ?” ಎರಡನ್ನೂ ಮಡಚಿ ಕಟ್ಟಿನ ಸಮೇತ ಡ್ರಾಯರಿಗೆ ಹಾಕಿದೆ. ಇಬ್ಬರೂ ಬೈಯುತ್ತಾರೆ ಎಂದರೆ ತಕ್ಕಡಿ ನೆಟ್ಟಗಿದೆ ಎಂದೇ ಅರ್ಥ. ಇಪ್ಪತ್ತೆರಡು ವರ್ಷದಿಂದ ಇದೇ ನನ್ನ ಧೈರ್ಯ.

ಮಹಡಿಯ ಮೇಲೆ ಅಕ್ಕನ ಮನೆಯಲ್ಲಿ ಊಟ. ಹೆಂಡತಿ ತೀರಿಕೊಂಡಮೇಲೆ ಅವಳೇ ಹಾಕುತ್ತಾಳೆ. ಭಾವ ಬಂದರಿನಲ್ಲಿ ಮೂವತ್ತು ವರ್ಷ ಕ್ರೇನ್ ನಡೆಸಿ ರಿಟೈರ್ ಆದವರು. ನನ್ನ ಕಾಮೆಂಟರಿ ಬಂದರೆ ಟಿವಿಯ ದನಿ ಪೂರ್ತಿ ಇಳಿಸಿ ಕೂರುತ್ತಾರೆ. ಕೇಳಿದರೆ—

“ಚಿತ್ರ ಸಾಕಪ್ಪಾ. ವದಂತಿ ಬೇಡ.”

ನಗೆ ಬರಲಿಲ್ಲ. ಸ್ವಂತ ಮನೆಯವರೇ ಹೀಗೆ.


ಮಾರ್ಚ್ 3, ಭಾನುವಾರ, ಮಧ್ಯಾಹ್ನ 2.30

ಕಾಮೆಂಟರಿ ಬಾಕ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಆಟಕ್ಕೆ ಇನ್ನೂ ಒಂದು ಗಂಟೆ.

ಈ ಬಾಕ್ಸು ಕಟ್ಟಿದವನ ಕೈ ಮುರಿಯ! ಎದುರಿಗೇ ಚಾವಣಿಯ ಕಂಬ. ಬಲಗಡೆಯ ಗೋಲಿನ ಈಚೆ ಮೂಲೆ ಪೂರ್ತಿ ಮಾಯ. ಮಾನಿಟರು ಅಂಗೈಯಗಲ, ಅದರಲ್ಲೂ ಚೆಂಡು ಹೋದ ಕಡೆಯ ಚಿತ್ರ ಮಾತ್ರ. ದೊಡ್ಡದು ಕೊಡಿ ಅಂತ ಪ್ರತಿ ವರ್ಷ ಅರ್ಜಿ. ಪ್ರತಿ ವರ್ಷ “ಮುಂದಿನ ಸೀಸನ್ನು.”

ನನಗೇನೂ ತೊಂದರೆಯಿಲ್ಲ, ರೂಢಿಯಾಗಿದೆ. ಬಾಕ್ಸಿನ ಕೆಳಗೇ ಗಿರಣಿ ತಂಡದ ಬೆಂಚು. ಕಂಬದ ಹಿಂದೆ ಏನಾದರೂ ಆದರೆ ಗಡ್ಡನ ಕೈ ನೋಡುತ್ತೇನೆ. ಗಡ್ಡ ಗಿರಣಿ ತಂಡದ ಮ್ಯಾನೇಜರ್. ನಾವಿಬ್ಬರೂ ಒಂದೇ ತಂಡದಲ್ಲಿ ಒಂಬತ್ತು ವರ್ಷ ಆಡಿದವರು, ನಾನು ಬಲ ಬ್ಯಾಕು, ಅವನು ಎಡ ಬ್ಯಾಕು. ಗಡ್ಡ ಬೋಳಿಸಿ ಹತ್ತು ವರ್ಷವಾಯಿತು, ಹೆಸರು ಮಾತ್ರ ಉಳಿದಿದೆ. ಎರಡೂ ಕೈ ಎತ್ತಿದರೆ ಫೌಲು. ತಲೆ ಹಿಡಿದರೆ ಗೋಲು ತಪ್ಪಿತು. ಅಂಗೈ ಮೇಲೆ ಮಾಡಿ “ಏಳು, ಏಳು” ಅಂದರೆ ಬಿದ್ದವನದು ನಟನೆ. ಮಾನಿಟರಿಗಿಂತ ಬೇಗ ಗೊತ್ತಾಗುತ್ತದೆ.

ಸಂಜೆ 7

ಎಂಥ ಮ್ಯಾಚು! ಗಿರಣಿ 1, ಬಂದರು 0.

ಎಪ್ಪತ್ತೊಂದನೇ ನಿಮಿಷ. ಸೂಜಿ ಬಲಗಡೆಯಿಂದ ನುಗ್ಗಿದ. ಕಂಬದ ಹಿಂದೆ ಹೋದ. ಹೊರಗೆ ಬರಲೇ ಇಲ್ಲ. ಚೆಂಡು ಗಿರಣಿಯ ಡಿಫೆಂಡರನ ಕಾಲಿಗೆ. ಗಡ್ಡ ಅಂಗೈ ಎತ್ತಿ ಏಳು, ಏಳು ಅನ್ನುತ್ತಿದ್ದ. ರೆಫರಿ ಸೀಟಿ ಊದಲಿಲ್ಲ. ಬಂದರಿನ ನಾಲ್ಕು ಜನ ಅಲ್ಲೇ ಕೈಯೆತ್ತಿ ನಿಂತಿದ್ದರು. ಗಿರಣಿಯವರು ನಿಲ್ಲಲಿಲ್ಲ. ಮೂರೇ ಪಾಸು, ಗೋಲ್!

ಸೂಜಿ ಇನ್ನೂ ಮಲಗಿದ್ದ. ಆಗ ಬಾಯಿಗೆ ತಾನಾಗಿ ಬಂತು: “ಪರದೆ ಎಳೀರಪ್ಪಾ, ನಾಟಕ ಮುಗೀತು!”

ಗಿರಣಿಯ ಸ್ಟ್ಯಾಂಡಿನಲ್ಲಿ ಅರ್ಧ ಜನ ಕಿವಿಗೆ ಫೋನು ಸಿಕ್ಕಿಸಿಕೊಂಡೇ ಆಟ ನೋಡುವುದು. ಕೇಳಿಸಿತು. ಕೂಗು ಶುರು. ನಾ-ಟ-ಕ! ನಾ-ಟ-ಕ! ಸ್ಟ್ರೆಚರ್ ಹೊರಟಾಗಲೂ ನಿಲ್ಲಲಿಲ್ಲ. ಯಾರೋ ನೀರಿನ ಬಾಟಲಿ ಎಸೆದರು. “ಎಸೀಬೇಡ್ರಪ್ಪಾ” ಅಂದೆ, ನಗುತ್ತಲೇ ಅಂದೆ.

ಕೊನೆಗೆ ಬಂದರಿನ ಮ್ಯಾನೇಜರ್ ಕೈಕುಲುಕದೆ ಹೋದ. ಸೋಲನ್ನು ನುಂಗಿಕೊಳ್ಳಲು ಬಾರದವರು! ಅದನ್ನೂ ಹೇಳಿದೆ.

ಪ್ರೊಡ್ಯೂಸರ್ ಫೋನು ಮಾಡಿದ್ದಳು. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಹೊಗಳುವುದು ಅಪರೂಪ. “ಸರ್, ಆ ಲೈನು! ಎಲ್ಲಿತ್ತು ಸರ್ ಇಷ್ಟು ದಿನ?”


ಮಾರ್ಚ್ 4, ಸೋಮವಾರ

ಸೂಜಿಯ ದವಡೆ ಎರಡು ಕಡೆ ಮುರಿದಿದೆಯಂತೆ. ಮೊಣಕೈ ಏಟು. ಗೋಲಿನ ಹಿಂದಿನ ಕ್ಯಾಮೆರಾದಲ್ಲಿ ಸಿಕ್ಕಿದೆ. ಬೆಳಗಿನ ಸುದ್ದಿಯಲ್ಲಿ ಮೂರು ಸಲ ತೋರಿಸಿದರು. ಡಿಫೆಂಡರ್ ಚೆಂಡಿನ ಕಡೆ ನೋಡಿಯೂ ಇಲ್ಲ.

ನನಗೇನು ಗೊತ್ತು? ಕಂಬ ಇತ್ತು. ರೆಫರಿಗೇ ಕಾಣಲಿಲ್ಲ. ಲೈನ್ಸ್‌ಮನ್‌ಗೆ ಕಾಣಲಿಲ್ಲ. ನನ್ನೊಬ್ಬನನ್ನೇ ಯಾಕೆ ಹಿಡಿಯಬೇಕು? ಇಷ್ಟಕ್ಕೂ ಯಾರೂ ಹಿಡಿದಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ ನನ್ನದು.

ಮೆಟ್ಟಿಲ ಮೇಲೆ ಭಾವ ಎದುರಾದರು. ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಹಾಗೆ ಅವರು ದಾರಿ ಬಿಡುವವರಲ್ಲ, ಬೈದುಕೊಂಡು ಎದುರಿಗೇ ಬರುವವರು. ಅದೇ ಚುಚ್ಚಿತು.


ಮಾರ್ಚ್ 6, ಬುಧವಾರ

ನನ್ನ ಲೈನು ಪ್ರೋಮೋ ಆಗಿದೆ. ಅರ್ಧ ಗಂಟೆಗೊಮ್ಮೆ. ಸ್ಟ್ರೆಚರ್ ಹೋಗುವ ಚಿತ್ರ, ಅದರ ಮೇಲೆ ನನ್ನ ದನಿ, ಆಮೇಲೆ ಡೋಲಿನ ಸದ್ದು, “ಈ ಭಾನುವಾರ, ನೇರ ಪ್ರಸಾರ!” ಕ್ಷೌರದಂಗಡಿಯಲ್ಲಿ ಅರ್ಧ ಗಲ್ಲಕ್ಕೆ ನೊರೆ ಹಚ್ಚಿಕೊಂಡು ಕೂತಿದ್ದಾಗ ಬಂತು. ಪಕ್ಕದ ಕುರ್ಚಿಯವನು ನನ್ನ ತೊಡೆ ತಟ್ಟಿದ. “ಸೂಪರ್ ಸಾರ್! ನನ್ನ ರಿಂಗ್‌ಟೋನೂ ಅದೇ.”

ಆಫೀಸಿಗೆ ಫೋನು ಮಾಡಿದೆ. ಹುಡುಗನಿಗೆ ನಿಜವಾಗಿಯೂ ಪೆಟ್ಟಾಗಿದೆ, ತೆಗೆಯಿರಿ ಅಂದೆ. “ಸರ್, ಪ್ರೋಮೋ ಮಾರ್ಕೆಟಿಂಗಿನವರದು, ನನ್ನ ಕೈಲಿಲ್ಲ,” ಅಂದಳು ಪ್ರೊಡ್ಯೂಸರ್. ಮಾರ್ಕೆಟಿಂಗಿಗೆ ಮಾಡಿದೆ. “ಅದು ಪ್ರೊಡಕ್ಷನ್ನಿನವರು ಹೇಳಬೇಕು ಸರ್.” ಚೆಂಡು ಅವರಿಂದ ಇವರಿಗೆ, ಇವರಿಂದ ಅವರಿಗೆ. ಇಷ್ಟು ಚೆನ್ನಾಗಿ ನಮ್ಮ ಯಾವ ತಂಡವೂ ಪಾಸ್ ಮಾಡುವುದಿಲ್ಲ. ಫೋನನ್ನು ಹಾಸಿಗೆಯ ಮೇಲೆ ಎಸೆದೆ. ನೆಲಕ್ಕೆ ಎಸೆಯುವ ಧೈರ್ಯವೂ ಇಲ್ಲ.


ಮಾರ್ಚ್ 7, ಗುರುವಾರ

ಭಾವ ತಾವಾಗಿ ಕೆಳಗೆ ಬಂದರು. ಕೈಯಲ್ಲಿ ಮ್ಯಾಚಿನ ರೆಕಾರ್ಡಿಂಗು.

“ನಿನ್ನ ಆಟ ನೀನೇ ಯಾವತ್ತಾದ್ರೂ ಕೇಳಿದೀಯೇನೋ?”

ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಇಲ್ಲ. ನನ್ನ ದನಿ ನನಗೆ ಆಗಿಬರುವುದಿಲ್ಲ, ಕೇಳಿದರೆ ಮುಂದಿನ ಮ್ಯಾಚಿನಲ್ಲಿ ನಾಲಿಗೆ ತೊಡರುತ್ತದೆ ಅಂತ ಒಂದು ನಂಬಿಕೆ. ಭಾವ ಪರದೆಯ ಮೇಲೆ ಟವಲು ಹೊದಿಸಿದರು. “ಚಿತ್ರ ಬೇಡ. ಕೇಳು.” ಕೈಗೊಂದು ಪೆನ್ನು ಕೊಟ್ಟು ಮೇಲೆ ಹೋದರು.

ಕೇಳಿದೆ. ತೊಂಬತ್ತು ನಿಮಿಷ. ಗೀಟು ಹಾಕುತ್ತಾ ಕೂತೆ.

ಗಿರಣಿಯ ಆಟಗಾರ ಬಿದ್ದದ್ದು ಹನ್ನೊಂದು ಸಲ. ಹನ್ನೊಂದು ಸಲವೂ ಯಾರು ಬೀಳಿಸಿದರು ಅಂತ ಹೇಳಿದ್ದೇನೆ. ಬಂದರಿನವನು ಬಿದ್ದದ್ದು ಒಂಬತ್ತು ಸಲ. ಎರಡು ಸಲ ಮಾತ್ರ ಹೇಳಿದ್ದೇನೆ. ಮಿಕ್ಕ ಏಳು ಸಲ ಅವನಷ್ಟಕ್ಕೆ ಬಿದ್ದುಕೊಂಡ! ಗಿರಣಿಯವರು ಚೆಂಡನ್ನು ಸುಮ್ಮನೆ ಅತ್ತಿತ್ತ ತಳ್ಳುತ್ತಿದ್ದಾಗ “ಅನುಭವದ ಆಟ.” ಬಂದರಿನವರು ಅದನ್ನೇ ಮಾಡಿದಾಗ “ಕಾಲಹರಣ.” ಗಡ್ಡ ರೆಫರಿಯ ಮೇಲೆ ಕೂಗಾಡಿದ್ದು “ತಂಡದ ಮೇಲಿನ ಪ್ರೀತಿ.” ಬಂದರಿನ ಮ್ಯಾನೇಜರ್ ಒಂದು ಹೆಜ್ಜೆ ಗೆರೆ ದಾಟಿದ್ದಕ್ಕೆ “ಶಿಸ್ತು ಬೇಡವೇ?”

ಕೊನೆಗೆ ಟವಲು ತೆಗೆದು ಕೈಕುಲುಕುವ ಭಾಗ ನೋಡಿದೆ. ಬಂದರಿನ ಮ್ಯಾನೇಜರ್ ಕೈ ಚಾಚಿಕೊಂಡೇ ಬರುತ್ತಿದ್ದಾನೆ. ಬೆನ್ನು ತಿರುಗಿಸಿದ್ದು ಗಡ್ಡ. ಅದಕ್ಕೆ ಕಂಬವೂ ಅಡ್ಡ ಇರಲಿಲ್ಲ. ಕಣ್ಣೆದುರಿಗೇ ಆಗಿದೆ. ಕಣ್ಣಿದ್ದೂ ನಾನು ಅದನ್ನು ತಿರುಗಾಮುರುಗಾ ಹೇಳಿದ್ದೇನೆ.

ಡ್ರಾಯರಿನ ಪತ್ರಗಳನ್ನೂ ಹೊರಗೆ ಹಾಕಿ ಗುಡ್ಡೆ ಮಾಡಿದೆ. ಗಿರಣಿಯವರು ಬೈದದ್ದು ಹದಿನಾಲ್ಕು, ಬಂದರಿನವರು ಬೈದದ್ದು ಇನ್ನೂರ ಆರು. ಯಾವತ್ತೂ ಮೇಲಿನ ಎರಡನ್ನೇ ಓದಿ ತಕ್ಕಡಿ ನೆಟ್ಟಗಿದೆ ಅಂದುಕೊಂಡಿದ್ದೆ.

ಊಟಕ್ಕೆ ಮೇಲೆ ಹೋದೆ. ಕಂಬದ ವಿಷಯ, ಗಡ್ಡನ ಕೈಯ ವಿಷಯ, ಎಲ್ಲ ಹೇಳಿಬಿಟ್ಟೆ. ಭಾವ ಗಟ್ಟಿಯಾಗಿಯೇನೂ ಮಾತಾಡಲಿಲ್ಲ.

“ಎತ್ತು ಈಯ್ತು ಅಂದ್ರೆ ಕೊಟ್ಟಿಗೇಗ್ ಕಟ್ಟು ಅಂದ್ರಂತೆ. ನೀನು ಕಟ್ಟಿದ್ದಲ್ದೆ, ಹಾಲು ಕರೆದು ಊರಿಗೆಲ್ಲ ಹಂಚಿದೀಯ.”

ನಾಚಿಕೆಯಾಯಿತು, ಬೇರೆ ಪದ ಇಲ್ಲ.


ಮಾರ್ಚ್ 12, ಮಂಗಳವಾರ

ಭಾನುವಾರ ರಜೆ ಹಾಕಿದ್ದೆ. ಜ್ವರ ಅಂತ ಸುಳ್ಳು ಹೇಳಿದೆ. ಬರೆಯಲೂ ಮನಸ್ಸಾಗಿರಲಿಲ್ಲ.

ಇವತ್ತು ಗಡ್ಡನನ್ನು ನೋಡಲು ಹೋದೆ. ಪ್ರಾಕ್ಟೀಸ್ ಮುಗಿದಿತ್ತು. ಬೂಟುಗಳ ಕೋಣೆಯಲ್ಲಿ ಒಬ್ಬನೇ ಚೆಂಡುಗಳಿಗೆ ಗಾಳಿ ತುಂಬುತ್ತಿದ್ದ. ಮ್ಯಾನೇಜರ್ ಆದರೂ ಆ ಕೆಲಸ ಯಾರಿಗೂ ಬಿಡುವುದಿಲ್ಲ.

“ನಿನಗೆ ಕಂಡಿತ್ತಾ?” ಅಂದೆ.

“ಏನು?”

“ಮೊಣಕೈ.”

ಪಂಪು ಒತ್ತುತ್ತಲೇ ಇದ್ದ. “ಹತ್ತು ಅಡಿ ದೂರದಲ್ಲಿ ನಿಂತಿದ್ದೆ ಕಣೋ. ಕಾಣದೆ?”

“ಮತ್ತೆ ಏಳು, ಏಳು ಅಂತ ಕೈ ಮಾಡ್ತಿದ್ದೆ!”

“ಮತ್ತೇನ್ ಮಾಡ್ಲಿ? ರೆಫರೀನ ಕರೆದು, ಸ್ವಾಮೀ, ನಮ್ಮವನೇ ಹೊಡೆದ, ಆಚೆ ಕಳಿಸಿ ಅನ್ಲಾ?”

“ಅನ್ನಬಹುದಿತ್ತು. ಆಟ ನಿಲ್ಲಿಸೋಕಾದ್ರೂ ಹೇಳಬಹುದಿತ್ತು. ಹುಡುಗನ ಬಾಯಲ್ಲಿ ರಕ್ತ ಬರ್ತಿತ್ತು.”

ಪಂಪು ಕೆಳಗಿಟ್ಟ. ಕೋಪವೇನೂ ಇರಲಿಲ್ಲ. ಅದೇ ಇನ್ನೂ ಕೆಟ್ಟದ್ದು. “ನೋಡು, ನನ್ನ ಕೆಲಸ ಗೆಲ್ಲೋದು. ನೋಡೋದು ನಿನ್ನ ಕೆಲಸ. ನನ್ನ ಕೈ ನೋಡಿ ಹೇಳು ಅಂತ ನಿನಗ್ಯಾರಪ್ಪ ಹೇಳಿದ್ರು?”

ಅವನಿಗೆ ಗೊತ್ತಿತ್ತು! ಇಷ್ಟು ವರ್ಷ, ಕಂಬ ಇರುವುದು, ನಾನು ಅವನ ಕೈ ನೋಡುವುದು, ಎಲ್ಲ ಗೊತ್ತಿತ್ತು. ಅವನು ಕೈ ಆಡಿಸುತ್ತಿದ್ದದ್ದು ಆಟಗಾರರಿಗಲ್ಲ, ನನಗೆ. ಒಂಬತ್ತು ವರ್ಷ ಒಂದೇ ಬಕೆಟಿನ ನೀರು ಕುಡಿದವನು.

ಹೊರಡುವಾಗ ಹೆಗಲ ಮೇಲೆ ಕೈ ಹಾಕಿದ. ಕೊಡವಿಕೊಂಡು ಬಂದೆ. ದಾರಿಯುದ್ದಕ್ಕೂ ಮೈ ಉರಿಯುತ್ತಿತ್ತು. ಅವನ ಮೇಲೆ ಅಂದುಕೊಂಡಿದ್ದೆ. ಮನೆ ಹತ್ತಿರ ಬರುವ ಹೊತ್ತಿಗೆ ನನ್ನ ಮೇಲೇ.


ಮಾರ್ಚ್ 14, ಗುರುವಾರ

ಪ್ರೊಡ್ಯೂಸರ್ ಎದುರು ಅರ್ಧ ಗಂಟೆ. ಭಾನುವಾರ ನೇರ ಪ್ರಸಾರದಲ್ಲಿ ತಪ್ಪು ಒಪ್ಪಿಕೊಳ್ಳುತ್ತೇನೆ ಅಂದೆ.

“ಯಾಕೆ ಸರ್ ಸುಮ್ನೆ ಮೈಮೇಲೆ ಎಳ್ಕೋತೀರ? ಜನ ಮರೆತಿದಾರೆ.”

“ಅರ್ಧ ಗಂಟೆಗೊಮ್ಮೆ ನೀವೇ ನೆನಪಿಸ್ತಿದೀರಲ್ಲಮ್ಮ.”

ಆಮೇಲೆ ಬಗ್ಗಿದಳು. ಹಾಫ್ ಟೈಮಿನಲ್ಲಿ ಇಪ್ಪತ್ತು ಸೆಕೆಂಡು. ಬರೆದು ಮೊದಲೇ ತೋರಿಸಬೇಕು. ಗಿರಣಿಯ ಹೆಸರು ಬರಕೂಡದು, ಸ್ಪಾನ್ಸರ್ ಅವರೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆಗಲಿ ಅಂದೆ. ಇಪ್ಪತ್ತು ಸೆಕೆಂಡಿನಲ್ಲಿ ಒಬ್ಬನನ್ನು ಹಾಳು ಮಾಡಬಹುದಾದರೆ ಇಪ್ಪತ್ತು ಸೆಕೆಂಡಿನಲ್ಲಿ ಸತ್ಯವನ್ನೂ ಹೇಳಬಹುದು.


ಮಾರ್ಚ್ 16, ಶನಿವಾರ

ಬೆಳಗಿನಿಂದ ಅದೇ ನಾಲ್ಕು ಸಾಲು.

“ಬಾಕ್ಸಿನ ಮುಂದಿನ ಕಂಬದಿಂದಾಗಿ…” ಹರಿದೆ. ತಪ್ಪು ಕಂಬದ್ದಲ್ಲ.

“ಯಾರ ಮನಸ್ಸಿಗಾದರೂ ನೋವಾಗಿದ್ದರೆ…” ಅಕ್ಕನಿಗೆ ಓದಿ ತೋರಿಸಿದೆ. ಬಟ್ಟೆ ಮಡಚುತ್ತಿದ್ದವಳು ನಿಲ್ಲಿಸಿದಳು. “ಆಗಿದ್ದರೆ ಅಂದ್ರೇನೋ? ದವಡೆ ಮುರಿದಿದೆ ಕಣೋ ಅವನಿಗೆ.” ಹರಿದೆ.

“ಆಟದ ಭರದಲ್ಲಿ…” ಹರಿದೆ. ಆಟ ಆಡಿದ್ದು ನಾನಲ್ಲ. ನಾನು ಕುರ್ಚಿಯಲ್ಲಿ ಕೂತಿದ್ದೆ.

ಕೊನೆಗೆ ಉಳಿದದ್ದು: “ಸೂಜಿಗೆ ಪೆಟ್ಟಾದದ್ದನ್ನು ನಾನು ನೋಡಿರಲಿಲ್ಲ. ನೋಡದೆಯೇ ನಾಟಕ ಅಂದೆ. ಅದು ಸುಳ್ಳು. ನನ್ನ ಮಾತು ಕೇಳಿ ನೀವು ಕೂಗಿದಿರಿ. ಅವನ ಕ್ಷಮೆ ಕೇಳುತ್ತೇನೆ.” ಗಡಿಯಾರ ಇಟ್ಟುಕೊಂಡು ಓದಿದೆ. ಹದಿನೆಂಟು ಸೆಕೆಂಡು.


ಮಾರ್ಚ್ 17, ಭಾನುವಾರ, ಸಂಜೆ 7

ಗಿರಣಿಯ ಅಭಿಮಾನಿಗಳು ಸ್ಟ್ರೆಚರ್ ಮಾಡಿಕೊಂಡು ಬಂದಿದ್ದರು. ಅದರ ಮೇಲೆ ಹುಲ್ಲಿನ ಬೊಂಬೆ, ಬೊಂಬೆಗೆ ಕೆಂಪು ಅಂಗಿ, ಏಳು ನಂಬರು. ಮೈದಾನದ ಸುತ್ತ ಮೆರವಣಿಗೆ. ಬ್ಯಾನರಿನ ಮೇಲೆ ನನ್ನ ಲೈನು, ಅದರಡಿಯಲ್ಲಿ ನನ್ನ ಮುಖ. ಎದುರಾಳಿ ಇವತ್ತು ಬಂದರಿನವರೂ ಅಲ್ಲ! ಸುಮ್ಮನೆ ಖುಷಿಗೆ. ಒಬ್ಬಾಕೆ ಮಗುವನ್ನು ಎತ್ತಿ ನನ್ನ ಬಾಕ್ಸಿನ ಕಡೆ ಟಾಟಾ ಮಾಡಿಸಿದಳು.

ಹಾಫ್ ಟೈಮ್. ಹೆಡ್‌ಫೋನಿನಲ್ಲಿ “ಹೇಳಿ ಸರ್” ಅಂತ ಬಂತು. ಹೇಳಿದೆ. ಒಂದು ಅಕ್ಷರವೂ ತಪ್ಪಲಿಲ್ಲ. ದನಿಯೂ ನಡುಗಲಿಲ್ಲ. ಸ್ಟ್ಯಾಂಡಿನ ಕಡೆ ನೋಡಿದೆ, ಬೈಯುತ್ತಾರೆ, ಏನಾದರೂ ಎಸೆಯುತ್ತಾರೆ ಅಂತ. ಯಾರೂ ತಲೆ ಕೂಡ ಎತ್ತಲಿಲ್ಲ. ನಾಚಿಕೊಂಡರು ಅಂದುಕೊಂಡೆ. ಎದೆ ಹಗುರವಾಯಿತು. ದ್ವಿತೀಯಾರ್ಧ ಎಷ್ಟು ಚೆನ್ನಾಗಿ ಹೇಳಿದೆ! ಕಂಬದ ಹಿಂದೆ ಹೋದದ್ದಕ್ಕೆಲ್ಲ “ನನಗೆ ಕಾಣುತ್ತಿಲ್ಲ” ಅಂದೆ. ಆರು ಸಲ.

ಮನೆಗೆ ಬಂದೆ. ಮೆಟ್ಟಿಲು ಹತ್ತುವಾಗಲೇ ಅಕ್ಕ ಕೇಳಿದಳು.

“ಯಾಕೋ ಹೇಳ್ಲಿಲ್ಲ?”

“ಹೇಳಿದ್ನಲ್ಲ! ಹಾಫ್ ಟೈಮಲ್ಲಿ.”

“ಹಾಫ್ ಟೈಮಲ್ಲಿ ಟೈರಿನ ಜಾಹೀರಾತು ಬಂತು. ಅದಾದ್ಮೇಲೆ ಮತ್ತೆ ನಿನ್ನ ನಾಟಕದ್ದು.”

ಭಾವ ಸೋಫಾದಲ್ಲಿ ಕೂತಿದ್ದರು. ರಿಮೋಟು ಕೈಯಲ್ಲಿತ್ತು. ಇವತ್ತು ದನಿ ಪೂರ್ತಿ ಏರಿಸಿಟ್ಟುಕೊಂಡು ಕೂತಿದ್ದರಂತೆ, ಮೊದಲಿನಿಂದ.


ಮಾರ್ಚ್ 18, ಸೋಮವಾರ

ಚಾನೆಲ್ ಆಫೀಸಿಗೆ ಹೋಗಿ ಕೂಗಾಡಿದೆ. ಮೇಜು ಗುದ್ದಿದೆ. ಪ್ರೊಡ್ಯೂಸರ್ ನೀರಿನ ಲೋಟ ಮುಂದೆ ತಳ್ಳಿದಳು. “ಜಾಹೀರಾತು ಓವರ್‌ಲ್ಯಾಪ್ ಆಯ್ತು ಸರ್. ಟೆಕ್ನಿಕಲ್. ಮುಂದಿನ ವಾರ ನೋಡೋಣ.” ಮುಖ ನೋಡಿ ಹೇಳಲಿಲ್ಲ. ಅವಳಿಗೂ ಮೇಲಿನವರು ಇರುತ್ತಾರೆ. ಗೊತ್ತು. ಗೊತ್ತಿದ್ದರೆ ಸಿಟ್ಟು ಕಡಿಮೆಯಾಗುತ್ತದೆಯೇ?

ಖಾಲಿ ಮೈಕಿಗೆ ಕ್ಷಮೆ ಕೇಳಿ ಬಂದಿದ್ದೇನೆ. ಸುಳ್ಳು ಹೇಳಿದಾಗ ಊರಿಗೆಲ್ಲ ಕೇಳಿಸಿತು. ನಿಜ ಹೇಳಿದಾಗ ಟೈರು!

ಆ ಹುಡುಗನಿಗೆ ಎರಡನೇ ಆಪರೇಷನ್ ಆಗಿದೆಯಂತೆ, ದವಡೆಗೆ ತಂತಿ ಹಾಕಿದ ಕಡೆ ಕೀವು ತುಂಬಿ. ಭಾವ ಹಳೆಯ ಬಂದರಿನವರಿಂದ ತಿಳಿದುಕೊಂಡು ಬಂದರು. ವಾರ್ಡ್ ನಂಬರು ಒಂದು ಚೀಟಿಯಲ್ಲಿ ಬರೆದು ನನ್ನ ಚಪ್ಪಲಿಯ ಮೇಲೆ ಇಟ್ಟು ಹೋಗಿದ್ದಾರೆ.


ಮಾರ್ಚ್ 20, ಬುಧವಾರ, ಸಂಜೆ 6

ಹೋಗಿದ್ದೆ. ಭಾವ ಗೇಟಿನವರೆಗೆ ಬಂದರು. “ಒಳಗೆ ನೀನೊಬ್ಬನೇ ಹೋಗು,” ಅಂದರು.

ಹನ್ನೆರಡು ಹಾಸಿಗೆಯ ವಾರ್ಡು. ಸೂಜಿ ಕಿಟಕಿಯ ಪಕ್ಕದ ಮೂರನೆಯದರಲ್ಲಿ. ಮುಖ ಒಂದು ಕಡೆ ಊದಿಕೊಂಡು ಗುರುತೇ ಸಿಗಲಿಲ್ಲ. ಹಲ್ಲುಗಳನ್ನು ತಂತಿಯಲ್ಲಿ ಬಿಗಿದಿದ್ದಾರೆ, ಮಾತಿಲ್ಲ. ಅವನ ತಾಯಿ ಸ್ಟ್ರಾ ಹಿಡಿದು ಗಂಜಿನೀರು ಕುಡಿಸುತ್ತಿದ್ದರು. ನಾನು ಹೆಸರು ಹೇಳಬೇಕಾಗಲಿಲ್ಲ. ದನಿ ಕೇಳಿದ್ದೇ ತಾಯಿಯ ಕೈ ನಿಂತಿತು.

“ನೀವಾ!” ಅಂದರು. ಆಮೇಲೆ ಗೋಡೆಯ ಕಡೆ ಕೈ ತೋರಿಸಿದರು. ಮೇಲೆ ಟಿವಿ. ನಮ್ಮದೇ ಚಾನೆಲ್. “ಇಲ್ಲಿಗೆ ಬಂದು ಹದಿನೇಳು ದಿನ ಆಯ್ತು. ಅರ್ಧರ್ಧ ಗಂಟೆಗೆ ನಿಮ್ಮ ಮಾತು ಬರತ್ತೆ. ಆರಿಸಿ ಅಂದ್ರೆ ಉಳಿದೋರು ಬಿಡಲ್ಲ. ಈ ವಾರ್ಡಲ್ಲಿ ಇವನಿಗೆ ಈಗ ಸೂಜಿ ಅಂತ ಹೆಸರಿಲ್ಲ, ಗೊತ್ತಾ? ನಾಟಕ ಅಂತಲೇ ಕರೆಯೋದು. ಊಟದ ಗಾಡಿ ತರೋನೂ ಅಷ್ಟೇ.”

ಸ್ಟೂಲು ಎಳೆದು ಅವನ ಕಿವಿಯ ಹತ್ತಿರ ಕೂತೆ. ಬರೆದದ್ದನ್ನು ಮೆಲ್ಲಗೆ ಹೇಳಿದೆ, ಪೂರ್ತಿ. ನೋಡಿರಲಿಲ್ಲ, ನೋಡದೆಯೇ ಅಂದೆ, ಸುಳ್ಳು, ಕ್ಷಮಿಸು. ಅವನು ಕಣ್ಣು ಮುಚ್ಚಿ ಕೇಳಿದ. ಮುಗಿದ ಮೇಲೆ ದಿಂಬಿನಡಿಯಿಂದ ಫೋನು ತೆಗೆದು ಟೈಪ್ ಮಾಡಿದ. ನನ್ನ ಕಡೆ ತಿರುಗಿಸಿದ.

“ಅವತ್ತು ಹೇಳಿದಷ್ಟೇ ಜೋರಾಗಿ ಹೇಳಿ.”

ಸುತ್ತ ನೋಡಿದೆ. ಹನ್ನೊಂದು ಹಾಸಿಗೆ, ಅವರವರ ಕಡೆಯವರು, ಬಾಗಿಲಲ್ಲಿ ಇಬ್ಬರು ನರ್ಸು, ಊಟದ ಗಾಡಿ ಕೂಡ ಆಗಲೇ ಬಂದಿತ್ತು. ಎದ್ದು ನಿಂತೆ. ತಾಯಿ ಹೋಗಿ ಕುರ್ಚಿ ಹತ್ತಿ ಟಿವಿ ಆರಿಸಿದರು. ಯಾರೋ “ಏಯ್” ಅಂದರು.

“ಕೇಳಿ,” ಅಂದೆ. “ನಾನು ಟಿವಿಯಲ್ಲಿ ಫುಟ್‌ಬಾಲ್ ಕಾಮೆಂಟರಿ ಹೇಳುವವನು.”

ಸೂಜಿ ಅಡ್ಡಡ್ಡ ತಲೆಯಾಡಿಸಿದ. ಸಾಲದು. ಇನ್ನೂ ಜೋರು.

ಉಸಿರು ಎಳೆದುಕೊಂಡೆ. “ಈ ಹುಡುಗನ ಬಗ್ಗೆ ನಾನು ಹೇಳಿದ್ದು ಸುಳ್ಳು!”